ಹೂಮಳೆ ತಪ್ಪಿದ ವರ್ಷ

ಕಾಫಿಯ ಗುಣಾವಗುಣಗಳನ್ನು ಕುರಿತು ಚರ್ಚೆ ಹೂಡುವುದು ಈ ವಾರದ ನಮ್ಮ ಉದ್ದೇಶವಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ, ಅಡಿಗೆಮನೆಯಿಂದ ಡಿಕಾಕ್ಷನ್ನಿನ ಪರಿಮಳ ಹೊರಬೀಳದೆ ನಮ್ಮ ಎಷ್ಟೋ ಮನೆಗಳಲ್ಲಿ ಬೆಳಗಾಗುವುದಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಬಂದ ನೆಂಟರಿಗೆ ಊಟದಲ್ಲಿ ಒಂದು ಪಲ್ಯ ಕಡಿಮೆಯಾದರೆ ಕ್ಷಮೆಯುಂಟು. ಕಾಫಿ ಕೊಡದೆ ಕಳುಹಿಸಿದರೆ ಆ ಮಾತು ಮದುವೆ ಮುಂಜಿಗಳಲ್ಲಿ ವರ್ಷಗಟ್ಟಲೆ ಓಡಾಡುತ್ತದೆ. ಇಂಥ ಕಾಫಿಪುಡಿಯ ಬೆಲೆ 2024ರಲ್ಲಿಯೂ 2025ರ ಆರಂಭದಲ್ಲಿಯೂ ಮೇಲೆ ಮೇಲೆ ಏರಿದಾಗ ಗೃಹಿಣಿಯರು ಹುಬ್ಬು ಗಂಟಿಕ್ಕಿದರು. ಕೆಲವರು ಚಿಕೋರಿಯ ಪಾಲನ್ನು ಹೆಚ್ಚಿಸಿದರು. ಕೆಲವರು ಸಂಜೆಯ ಕಾಫಿಯನ್ನು ಅರ್ಧ ಲೋಟಕ್ಕೆ ಇಳಿಸಿದರು. ಅಂಗಡಿಯವನನ್ನು ಬೈದವರೂ ಉಂಟು. ಆದರೆ ಪಾಪ, ಅಂಗಡಿಯವನು ಏನು ಮಾಡಿಯಾನು? ಬೆಲೆಯೇರಿಕೆಯ ಮೂಲವನ್ನು ಹುಡುಕಿಕೊಂಡು ಹೊರಟರೆ ನಾವು ಪೇಟೆಯನ್ನು ಬಿಟ್ಟು ಮಲೆನಾಡಿನ ಘಟ್ಟಗಳನ್ನು ಹತ್ತಬೇಕಾಗುತ್ತದೆ. ಹತ್ತಿದ ಮೇಲೆ ತಲೆಯೆತ್ತಿ ಆಕಾಶವನ್ನು ನೋಡಬೇಕಾಗುತ್ತದೆ.

ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತು ಪಾಲು ಕರ್ನಾಟಕದ್ದು. ಅದರಲ್ಲಿಯೂ ಬಹುಮಟ್ಟಿಗೆ ಎಲ್ಲವೂ ಕೊಡಗು, ಚಿಕ್ಕಮಗಳೂರು, ಹಾಸನ ಎಂಬ ಮೂರೇ ಜಿಲ್ಲೆಗಳ ಫಸಲು. ಈ ಜಿಲ್ಲೆಗಳ ಬೆಳೆಗಾರರ ಬಾಯಲ್ಲಿ ಸದಾ ಕೇಳಿಬರುವ ಒಂದು ಮಾತೆಂದರೆ ‘ಹೂಮಳೆ’. ಪಟ್ಟಣಿಗರಿಗೆ ಇದು ಕವಿಸಮಯದಂತೆ ಕೇಳಿಸೀತು. ಬೆಳೆಗಾರನಿಗೆ ಮಾತ್ರ ಇದು ವರ್ಷದ ಜಮಾಖರ್ಚಿನ ಮೊದಲನೆಯ ಸಾಲು.

ಅದು ಹೇಗೆಂಬುದನ್ನು ಸ್ವಲ್ಪ ವಿವರಿಸಬೇಕು. ಮಳೆಗಾಲ ಕಳೆದು ಚಳಿ ಬೀಳುವ ಹೊತ್ತಿಗೆ ಕಾಫಿ ಗಿಡದ ರೆಂಬೆಗಳ ಗಿಣ್ಣುಗಳಲ್ಲಿ ಮೊಗ್ಗುಗಳು ಮೂಡಲಾರಂಭಿಸುತ್ತವೆ. ಮೂಡಿದೊಡನೆಯೇ ಅವು ಅರಳಿಬಿಡುವುದಿಲ್ಲ. ಒಂದು ಮಟ್ಟಕ್ಕೆ ಬೆಳೆದು, ಅಲ್ಲಿಯೇ ನಿಂತು, ಜನವರಿ ಫೆಬ್ರವರಿಗಳ ಒಣಹವೆಯಲ್ಲಿ ನಿದ್ದೆ ಹೋದಂತೆ ಸುಮ್ಮನಿರುತ್ತವೆ. ನೀರಿನ ಅಭಾವವನ್ನು ಕೆಲವು ವಾರ ಅನುಭವಿಸಿದ ಮೊಗ್ಗಿಗೆ ಮಾತ್ರ ಮುಂದೆ ಅರಳುವ ಶಕ್ತಿ ಬರುತ್ತದೆ. ಅನಂತರ ಫೆಬ್ರವರಿಯ ಕೊನೆಯಿಂದ ಏಪ್ರಿಲ್ ತಿಂಗಳ ನಡುವೆ ಒಂದು ದಿನ ಸಂಜೆ ಗುಡುಗು ಸಿಡಿಲುಗಳೊಡನೆ ಒಂದಂಗುಲವೋ ಒಂದೂವರೆ ಅಂಗುಲವೋ ಮಳೆ ಸುರಿಯಬೇಕು. ಸುರಿದ ಎಂಟು ಹತ್ತು ದಿನಗಳಲ್ಲಿ ಇಡೀ ತೋಟ ಒಂದೇ ಬೆಳಗಿನಲ್ಲಿ ಬೆಳ್ಳಗಾಗುತ್ತದೆ. ಮಲ್ಲಿಗೆಯನ್ನು ಹೋಲುವ ಕಂಪು ರಸ್ತೆಯವರೆಗೂ ಹರಡುತ್ತದೆ. ಎರಡು ಮೂರು ದಿನಗಳಲ್ಲಿ ಹೂ ಬಾಡಿ ಉದುರುತ್ತದೆ. ಮುಂದಿನ ಫಸಲಿನ ಹಣೆಬರಹ ಆ ಎರಡು ಮೂರು ದಿನಗಳೊಳಗೆ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ.

ಇಲ್ಲಿ ಅಳತೆಯೂ ಮುಖ್ಯ, ವೇಳೆಯೂ ಮುಖ್ಯ. ಮಳೆ ಅರೆಬರೆಯಾಗಿ ನಾಲ್ಕು ಹನಿ ಬಿದ್ದು ನಿಂತರೆ ಮೊಗ್ಗುಗಳು ಎಚ್ಚರಗೊಳ್ಳುತ್ತವೆ, ಆದರೆ ಪೂರ್ತಿ ಅರಳಲಾರವು. ಅರ್ಧ ಬಿರಿದು ಹಾಗೆಯೇ ಒಣಗಿ ಹೋಗುತ್ತವೆ. ಹೂ ಅರಳಿದ ದಿನವೇ ಜೋರಾಗಿ ಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ. ಅರಾಬಿಕಾ ಗಿಡ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲುದು; ರೊಬಸ್ಟಾ ಹಾಗಲ್ಲ, ಅದಕ್ಕೆ ಬೇರೊಂದು ಗಿಡದ ಪರಾಗ ಬೇಕು, ಅದನ್ನು ತಂದು ಮುಟ್ಟಿಸಲು ಜೇನುನೊಣವೋ ಗಾಳಿಯೋ ಬೇಕು. ಮಳೆಯ ದಿನ ಜೇನುನೊಣ ಹೊರಬೀಳುವುದುಂಟೇ? ಇಷ್ಟೆಲ್ಲ ಸುಸೂತ್ರವಾಗಿ ನಡೆದರೂ ಎರಡು ಮೂರು ವಾರಗಳಲ್ಲಿ ಇನ್ನೊಂದು ಮಳೆ ಆಗಲೇಬೇಕು. ಇದನ್ನು ಬೆಳೆಗಾರರು ‘ಬ್ಯಾಕಿಂಗ್’ ಮಳೆಯೆನ್ನುತ್ತಾರೆ. ಹೂಮಳೆಗೆ ಬೆಂಬಲವಾಗಿ ಬರುವ ಮಳೆ ಎಂದರ್ಥ. ಅದು ಬಾರದಿದ್ದರೆ ಕಟ್ಟಿದ ಎಳೆಯ ಕಾಯಿ ನಿಲ್ಲುವುದಿಲ್ಲ.

ಅನಂತರ ಜೂನ್ ತಿಂಗಳಲ್ಲಿ ಮುಂಗಾರು ಬರಬೇಕು, ಆದರೆ ಮಿತಿಮೀರಬಾರದು. ಮಿತಿಮೀರಿದರೆ ಕಾಯಿ ಉದುರುತ್ತದೆ, ಎಲೆಗಳಿಗೆ ಕೊಳೆರೋಗ ಹತ್ತುತ್ತದೆ. ಈ ರೋಗಕ್ಕೆ ಕಾರಣವಾದ ಶಿಲೀಂಧ್ರಕ್ಕೆ ವಿಜ್ಞಾನಿಗಳು ‘ಕೊಳೆರೋಗ’ ಎಂಬ ನಮ್ಮ ಕನ್ನಡ ಪದವನ್ನೇ ಶಾಸ್ತ್ರೀಯ ನಾಮವಾಗಿ ಇಟ್ಟುಕೊಂಡಿದ್ದಾರೆ. ಕನ್ನಡವು ವಿಜ್ಞಾನಕ್ಕೆ ಕೊಟ್ಟ ಪದಗಳಲ್ಲಿ ಇದೊಂದೆಂದು ಹೆಮ್ಮೆ ಪಡಬೇಕೋ ವ್ಯಥೆ ಪಡಬೇಕೋ ತಿಳಿಯದು! ಮಳೆಗಾಲ ಕಳೆದು ನವೆಂಬರಿನಿಂದ ಅರಾಬಿಕಾ ಹಣ್ಣಿನ ಕೊಯ್ಲು, ಡಿಸೆಂಬರ್ ಜನವರಿಗಳಿಂದ ರೊಬಸ್ಟಾ ಕೊಯ್ಲು. ಕೊಯ್ದ ಹಣ್ಣನ್ನೂ ಬೀಜವನ್ನೂ ಕಣದಲ್ಲಿ ಹರಡಿ ಬಿಸಿಲಿಗೆ ಒಣಗಿಸಬೇಕು. ಆ ನಾಲ್ಕು ತಿಂಗಳು ಆಕಾಶ ತಿಳಿಯಾಗಿರಬೇಕು. ಒಟ್ಟಿನಲ್ಲಿ ವರ್ಷದ ಪ್ರತಿಯೊಂದು ಮಳೆಗೂ ಒಂದು ಸರದಿ, ಪ್ರತಿಯೊಂದು ಬಿಸಿಲಿಗೂ ಒಂದು ಸರದಿ. ನಾಲ್ಕಾರು ತಲೆಮಾರುಗಳಿಂದ ಮಲೆನಾಡಿನವರು ಈ ಸರದಿಯನ್ನು ಪಂಚಾಂಗದಂತೆ ನಂಬಿ ಬೇಸಾಯ ನಡೆಸುತ್ತ ಬಂದಿದ್ದಾರೆ.

ಈ ಪಂಚಾಂಗದ ತಿಥಿವಾರಗಳೇ ಈಗ ತಪ್ಪುತ್ತಿವೆ.

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಸುರಿದ ಮಳೆಯನ್ನು ಯಾರೂ ಮರೆತಿರಲಾರರು. ಗುಡ್ಡಗಳು ಜರಿದುವು, ಮನೆಗಳೂ ರಸ್ತೆಗಳೂ ಕಾಫಿ ತೋಟಗಳೂ ಮಣ್ಣಿನೊಡನೆ ಕಣಿವೆಗೆ ಇಳಿದುವು, ಅನೇಕರು ಪ್ರಾಣ ತೆತ್ತರು. 2021ರ ಜನವರಿಯ ಮೊದಲ ವಾರದಲ್ಲಿ, ಮಳೆಯ ಸುಳಿವೇ ಇರಬಾರದ ಕಾಲದಲ್ಲಿ, ಕಾಫಿ ಜಿಲ್ಲೆಗಳಲ್ಲಿ ಮಳೆ ಸುರಿಯಿತು. ಕಣದಲ್ಲಿ ಒಣಗಲೆಂದು ಹರಡಿದ್ದ ಕಾಫಿ ನೆನೆಯಿತು. ಗಿಡಗಳಲ್ಲಿ ರೊಬಸ್ಟಾ ಹಣ್ಣು ಇನ್ನೂ ಕೊಯ್ಯದೆ ನಿಂತಿತ್ತು. ಅದೇ ಗಿಡದ ಮೊಗ್ಗುಗಳು ಇದೇ ಹೂಮಳೆಯೆಂದು ಭ್ರಮಿಸಿ ಕಣ್ಣು ತೆರೆಯತೊಡಗಿದುವು. ಬೆಳೆಗಾರನ ಸಂಕಟವನ್ನು ಊಹಿಸಿ ನೋಡಿ. ಹಣ್ಣು ಕೊಯ್ಯಲು ಹೋದರೆ ಕೈ ತಾಗಿ ಹೂ ಉದುರುತ್ತದೆ, ಮುಂದಿನ ವರ್ಷದ ಬೆಳೆ ಹಾಳು. ಹೂವಿಗಾಗಿ ಕಾದರೆ ಹಣ್ಣು ಉದುರುತ್ತದೆ, ಈ ವರ್ಷದ ಬೆಳೆ ಹಾಳು. ಅದೇ ವರ್ಷ ನವೆಂಬರಿನಲ್ಲಿ ಮತ್ತೆ ಎಡೆಬಿಡದ ಮಳೆ. ಈ ಸಲ ಪೆಟ್ಟು ತಿಂದದ್ದು ಅರಾಬಿಕಾ. ಕೆಂಪಾದ ಹಣ್ಣು ಗಿಡದಲ್ಲಿಯೇ ಒಡೆದು ನೆಲಕ್ಕೆ ಬಿದ್ದಿತು. 2023ರಲ್ಲಿ ಎಲ್ಲವೂ ತಿರುವುಮುರುವಾಗಿ ಮುಂಗಾರೇ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು. ಆ ವರ್ಷದ ನೀರಿನ ಅಭಾವ 2024ರ ಬೇಸಗೆಗೂ ಮುಂದುವರಿಯಿತು.

ಇದಕ್ಕೆಲ್ಲ ಕಾರಣವೇನು? ಮಳೆ ಹೆಚ್ಚು ಕಡಿಮೆಯಾಗುವುದು ಹಿಂದೆಯೂ ಇತ್ತಲ್ಲವೆ ಎಂದು ಹಿರಿಯರು ಕೇಳಬಹುದು. ಇತ್ತು, ನಿಜ. ಒಂದು ದಿನದ ಒಂದು ಮಳೆಯನ್ನು ಹಿಡಿದು ಇದು ವಾಯುಗುಣದ ಬದಲಾವಣೆಯಿಂದಲೇ ಬಂದಿತೆಂದು ಬೆರಳು ಮಾಡಿ ತೋರಿಸುವುದು ಸರಿಯಾಗದು. ಆದರೆ ದೀರ್ಘಕಾಲದ ಲೆಕ್ಕ ಬೇರೆಯ ಕಥೆಯನ್ನು ಹೇಳುತ್ತದೆ. ಕಲ್ಲಿದ್ದಲು, ಪೆಟ್ರೋಲು ಮೊದಲಾದುವನ್ನು ಉರಿಸಿದ್ದರಿಂದ ವಾತಾವರಣ ಸೇರಿದ ಇಂಗಾಲದ ಡೈ ಆಕ್ಸೈಡ್ ಮುಂತಾದ ಅನಿಲಗಳು ಭೂಮಿಗೆ ಕಂಬಳಿ ಹೊದಿಸಿದಂತಾಗಿ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ 2011ರಿಂದ 2020ರವರೆಗಿನ ದಶಕದಲ್ಲಿ ಭೂಮಿಯ ಸರಾಸರಿ ಉಷ್ಣತೆ ಸುಮಾರು 1.1 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತ್ತು. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಅದು ಹಿಡಿದಿಡಬಲ್ಲ ನೀರಾವಿ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚುತ್ತದೆ. ಆದುದರಿಂದ ಸುರಿಯುವಾಗ ಕೊಡವನ್ನು ಬೋರಲು ಹಾಕಿದಂತೆ ಸುರಿಯುತ್ತದೆ. ಸುರಿಯದಿರುವಾಗ ಅದೇ ಬಿಸಿ ಗಾಳಿ ನೆಲದ ತೇವವನ್ನು ಹೀರುತ್ತದೆ. ಭಾರತ ಸರ್ಕಾರದ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ವರದಿಯಂತೆ 1951ರಿಂದ 2015ರವರೆಗೆ ದೇಶದ ಮುಂಗಾರು ಮಳೆ ನೂರಕ್ಕೆ ಸುಮಾರು ಆರರಷ್ಟು ಇಳಿದಿದೆ. ಆ ಇಳಿತ ಎದ್ದುಕಾಣುವ ಪ್ರದೇಶಗಳಲ್ಲಿ ನಮ್ಮ ಪಶ್ಚಿಮಘಟ್ಟವೂ ಒಂದು. ಒಟ್ಟು ಮಳೆ ಕಡಿಮೆ, ಒಮ್ಮೆಗೇ ಸುರಿಯುವ ಮಳೆ ಹೆಚ್ಚು. ಬೇಸಾಯಗಾರನಿಗೆ ಇದಕ್ಕಿಂತ ಕೆಟ್ಟ ಜೋಡಿಯಿಲ್ಲ.

ಮಳೆಯ ಮಾತು ಇಷ್ಟಾಯಿತು. ಬಿಸಿಲಿನ ಮಾತೂ ಇದೆ. ನಮ್ಮ ನಾಲಗೆಗೆ ಹಿತವಾದ, ನವುರಾದ ಪರಿಮಳದ ಕಾಫಿ ಅರಾಬಿಕಾ. ಸಾವಿರ ಮೀಟರಿಗೂ ಎತ್ತರದ ಗುಡ್ಡಗಳಲ್ಲಿ, 15ರಿಂದ 25 ಡಿಗ್ರಿಗಳ ತಂಪಿನಲ್ಲಿ ಅದಕ್ಕೆ ಸುಖ. ಸೆಖೆ ಹೆಚ್ಚಿದರೆ ಹಣ್ಣು ಅವಸರದಲ್ಲಿ ಮಾಗುತ್ತದೆ, ಬೀಜ ತುಂಬಿಕೊಳ್ಳುವುದಿಲ್ಲ, ರುಚಿ ಕೆಡುತ್ತದೆ. ಸಾಲದುದಕ್ಕೆ ಬಿಳಿ ಕಾಂಡಕೊರಕವೆಂಬ ದುಂಬಿಯೊಂದು ಅರಾಬಿಕಾ ಕಾಂಡದ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ಹುಳು ಒಳಹೊಕ್ಕು ಸುರಂಗ ಕೊರೆಯುತ್ತದೆ. ಗಿಡ ನಿಂತಲ್ಲಿಯೇ ಸಾಯುತ್ತದೆ. ಈ ದುಂಬಿಗೆ ಬಿಸಿಲು ಬಿದ್ದ ಕಾಂಡವೆಂದರೆ ಪ್ರೀತಿ, ನೆರಳೆಂದರೆ ಆಗದು. ರೊಬಸ್ಟಾ ಹೆಸರಿಗೆ ತಕ್ಕಂತೆ ಗಟ್ಟಿ ಗಿಡ. ತಗ್ಗಿನ ನಾಡಿನ ಸೆಖೆಯನ್ನು ತಾಳಬಲ್ಲುದು, ಕಾಂಡಕೊರಕಕ್ಕೆ ಸುಲಭವಾಗಿ ಮಣಿಯದು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ಅರಾಬಿಕಾದ್ದಾಗಿತ್ತು. ಈಗ ನೂರಕ್ಕೆ ಸುಮಾರು ಎಪ್ಪತ್ತು ಪಾಲು ರೊಬಸ್ಟಾ. ಇಳುವರಿ, ಕೂಲಿಯ ಖರ್ಚು, ರೋಗ ಕೀಟ ಎಂಬ ಅನೇಕ ಕಾರಣಗಳು ಇದಕ್ಕೆ ಉಂಟು. ಏರುತ್ತಿರುವ ಉಷ್ಣತೆ ಆ ಕಾರಣಗಳಿಗೆ ಬಲ ಕೊಡುತ್ತಿದೆ. ಆದರೆ ರೊಬಸ್ಟಾಕ್ಕೂ ಒಂದು ದೌರ್ಬಲ್ಯವಿದೆ. ಸೆಖೆಯನ್ನು ತಾಳಬಲ್ಲುದೇ ಹೊರತು ಹೂಮಳೆ ತಪ್ಪುವುದನ್ನು ಅದು ಸಹಿಸಲಾರದು.

ಇದು ನಮ್ಮೊಬ್ಬರ ಕಷ್ಟವೂ ಅಲ್ಲ. ಜಗತ್ತಿನ ಅತಿ ದೊಡ್ಡ ಕಾಫಿ ತೋಟವೆನಿಸಿದ ಬ್ರೆಜಿಲ್ ದೇಶದಲ್ಲಿ 2021ರಲ್ಲಿ ಬರಗಾಲದ ಬೆನ್ನಿಗೇ ಜುಲೈ ತಿಂಗಳ ಕೊರೆಯುವ ಚಳಿ ಅರಾಬಿಕಾ ಗಿಡಗಳನ್ನು ಸುಟ್ಟಿತು. ರೊಬಸ್ಟಾ ಬೆಳೆಯುವುದರಲ್ಲಿ ಅಗ್ರಸ್ಥಾನದ ವಿಯೆಟ್ನಾಮಿನಲ್ಲಿ 2024ರ ಬೇಸಗೆಯಲ್ಲಿ ಬಾವಿ ಕೆರೆಗಳು ಬತ್ತಿದುವು. ಈ ಎರಡು ದೇಶಗಳಲ್ಲಿ ಬೆಳೆ ಕುಗ್ಗಿದರೆ ಮೈಸೂರಿನ ಪುಡಿ ಅಂಗಡಿಯಲ್ಲಿ ದರದ ಹಲಗೆಯನ್ನು ಒರೆಸಿ ಬರೆಯಬೇಕಾಗುತ್ತದೆ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರಾಬಿಕಾ ಒಂದು ಪೌಂಡಿಗೆ ನಾಲ್ಕು ಡಾಲರನ್ನು ದಾಟಿ, 1977ರ ಹಳೆಯ ದಾಖಲೆಯನ್ನು ಬಹು ಹಿಂದೆ ಹಾಕಿತು. ಇನ್ನು ಮುಂದಿನ ಮಾತು: 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಇಂದು ಕಾಫಿ ಬೇಸಾಯಕ್ಕೆ ಯೋಗ್ಯವಾದ ಭೂಮಿಯಲ್ಲಿ ಸುಮಾರು ಅರ್ಧದಷ್ಟು 2050ರ ಹೊತ್ತಿಗೆ ಆ ಯೋಗ್ಯತೆಯನ್ನು ಕಳೆದುಕೊಳ್ಳಬಹುದು.

ಬೆಲೆ ಏರಿದರೆ ಬೆಳೆಗಾರನಿಗೆ ಸುಗ್ಗಿಯಲ್ಲವೆ ಎಂದು ಕೇಳುವವರುಂಟು. ಫಸಲು ಕೈಸೇರಿದವನಿಗೆ ನಿಜಕ್ಕೂ ಸುಗ್ಗಿ. ಅನೇಕರು ಹಳೆಯ ಸಾಲ ತೀರಿಸಿಕೊಂಡುದೂ ಉಂಟು. ಆದರೆ ಹೂಮಳೆ ಒಂದು ಹೋಬಳಿಯಲ್ಲಿ ಬಿದ್ದು ಪಕ್ಕದ ಹೋಬಳಿಯಲ್ಲಿ ಬೀಳದೆ ಹೋಗಬಹುದು. ಬೀಳದ ಕಡೆಯವನ ಬರಿಗೈಗೆ ಏರಿದ ಬೆಲೆಯಿಂದ ಏನು ಬಂದೀತು? ಕಾಫಿ ಬೆಳೆಗಾರರೆಂದರೆ ಬಂಗಲೆ, ಜೀಪು, ಕೋವಿಗಳ ಶ್ರೀಮಂತರೆಂಬ ಕಲ್ಪನೆ ಪಟ್ಟಣದಲ್ಲಿ ಇನ್ನೂ ಅಳಿದಿಲ್ಲ. ವಾಸ್ತವದಲ್ಲಿ ಭಾರತದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಮಿಕ್ಕವು ಹತ್ತು ಹೆಕ್ಟೇರಿಗೂ ಕಡಿಮೆಯವು. ಅವುಗಳಲ್ಲಿ ಬಹುಪಾಲು ನಾಲ್ಕಾರು ಎಕರೆಯ ತುಂಡುಗಳು. ಅದಕ್ಕೂ ಕೆಳಗೆ ಕೂಲಿಯವರಿದ್ದಾರೆ. ಕೊಯ್ಲಿನ ಕಾಲಕ್ಕೆ ಮಳೆ ಹಿಡಿದರೆ ಅವರಿಗೆ ಆ ದಿನದ ಕೆಲಸವೂ ಇಲ್ಲ, ಕೂಲಿಯೂ ಇಲ್ಲ. ನಮ್ಮ ಮನೆಗಳಲ್ಲಿ ಒಂದು ಲೋಟ ಕಾಫಿ ಕಡಿಮೆಯಾದ ದಿನ ಅವರ ಮನೆಗಳಲ್ಲಿ ಕಡಿಮೆಯಾದುದು ಊಟ.

ಆದರೂ ಮಲೆನಾಡಿನವರು ಕೈಕಟ್ಟಿ ಕುಳಿತವರಲ್ಲ. ಬಾಬಾ ಬುಡನ್ ಅವರು ಅರೇಬಿಯದಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಎಲ್ಲರೂ ಕೇಳಿದ್ದೇವೆ. ಆ ಗಿಡದ ಸಂತತಿ ಇಲ್ಲಿಯವರೆಗೆ ಉಳಿದು ಬಂದುದು ಸುಲಭದಲ್ಲಲ್ಲ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಆ ದ್ವೀಪದ ಕಾಫಿ ಬೇಸಾಯವನ್ನೇ ನುಂಗಿಹಾಕಿತು; ಅಲ್ಲಿಯವರು ಚಹಕ್ಕೆ ಶರಣಾದರು. ಅದೇ ರೋಗ ನಮ್ಮ ಘಟ್ಟಗಳಿಗೂ ಬಂದಿತು. ಇಲ್ಲಿಯವರು ಗಿಡಗಳನ್ನು ಆರಿಸಿ, ರೋಗ ತಾಳಬಲ್ಲ ತಳಿಗಳನ್ನು ಬೆಳೆಸಿ ಉಳಿದುಕೊಂಡರು. 1925ರಲ್ಲಿ ಮೈಸೂರು ಸಂಸ್ಥಾನ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗಶಾಲೆಯನ್ನು ತೆರೆಯಿತು. 1940ರ ದಶಕದಲ್ಲಿ ಅಲ್ಲಿಂದ ಹೊರಬಂದ ‘ಎಸ್. 795’ ಎಂಬ ತಳಿಯನ್ನು ಬೆಳೆಗಾರರು ಇಂದಿಗೂ ನೆಡುತ್ತಾರೆ. 2007ರಲ್ಲಿ ‘ಚಂದ್ರಗಿರಿ’ ಬಂದಿತು. ಕಷ್ಟಕ್ಕೆ ತಕ್ಕಂತೆ ಬೇಸಾಯವನ್ನು ಮಾರ್ಪಡಿಸಿಕೊಳ್ಳುವ ವಿದ್ಯೆ ಈ ನಾಡಿಗೆ ಹೊಸದಲ್ಲ. ಆದರೆ ಹೊಸ ತಳಿಯೊಂದು ಸಿದ್ಧವಾಗಬೇಕಾದರೆ ದಶಕಗಳೇ ಹಿಡಿಯುತ್ತವೆ, ನೆಟ್ಟ ಗಿಡ ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು. ವಾಯುಗುಣ ಅಷ್ಟು ತಾಳ್ಮೆಯಿಂದ ಕಾಯುವಂತೆ ತೋರುವುದಿಲ್ಲ.

ಹಾಗಾದರೆ ಇಂದಿನ ಬೆಳೆಗಾರ ಏನು ಮಾಡುತ್ತಿದ್ದಾನೆ? ಹೂಮಳೆ ಬಾರದಿದ್ದರೆ ತಾನೇ ಮಳೆ ಸುರಿಸುತ್ತಾನೆ. ಕೆರೆಯಿಂದಲೋ ಹೊಳೆಯಿಂದಲೋ ಪಂಪು ಹಚ್ಚಿ, ಕೊಳವೆಗಳ ತುದಿಯ ತುಂತುರು ಯಂತ್ರಗಳಿಂದ ಫೆಬ್ರವರಿ ಮಾರ್ಚಿಯಲ್ಲಿ ರೊಬಸ್ಟಾ ತೋಟಕ್ಕೆ ನೀರು ಹಾರಿಸುತ್ತಾನೆ. ಇದು ಬಹು ಪರಿಣಾಮಕಾರಿಯಾದ ಉಪಾಯ. ಆದರೆ ಒಂದು ಲೆಕ್ಕ ಹಾಕಿ ನೋಡೋಣ. ಒಂದು ಎಕರೆಯ ಮೇಲೆ ಒಂದಂಗುಲ ನೀರು ನಿಲ್ಲಿಸಬೇಕಾದರೆ ಒಂದು ಲಕ್ಷ ಲೀಟರಿಗೂ ಮಿಗಿಲಾದ ನೀರು ಬೇಕು. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರು ಎಂಬ ಸರ್ಕಾರದ ಅಳತೆಯನ್ನು ಹಿಡಿದರೆ, ಅಷ್ಟು ನೀರಿನಲ್ಲಿ ಐದು ಮಂದಿಯ ಸಂಸಾರವೊಂದು ಐದು ತಿಂಗಳು ಕಳೆಯಬಹುದು. ಎಕರೆಗೆ ಅಷ್ಟಾದರೆ ಸಾವಿರಾರು ಎಕರೆಗೆ ಎಷ್ಟು? ಅದೂ ಹೊಳೆಗಳು ಅತ್ಯಂತ ಸೊರಗಿರುವ ತಿಂಗಳುಗಳಲ್ಲಿ! ಸ್ವಂತ ಕೆರೆಯಿದ್ದವನು ಬೆಳೆ ಉಳಿಸಿಕೊಳ್ಳುತ್ತಾನೆ. ಕೆರೆಯಿಲ್ಲದ ನಾಲ್ಕೆಕರೆಯವನು ಮೋಡ ನೋಡುತ್ತಾನೆ. ಮಳೆಗಾಲದ ನೀರನ್ನೇ ತೋಟದ ಹೊಂಡಗಳಲ್ಲಿ ಹಿಡಿದಿಟ್ಟು ಬಳಸುವವರೂ ಇದ್ದಾರೆ. ಇವೆಲ್ಲವುಗಳಲ್ಲಿ ಇದೇ ನಿರ್ದೋಷವಾದ ದಾರಿ. ಇನ್ನು ಕೆಲವರು ಕಣದ ಮೇಲೆ ಪಾರದರ್ಶಕ ಹಾಳೆಯ ಚಪ್ಪರ ಹಾಕಿ ಅಕಾಲ ಮಳೆಯಿಂದ ಕಾಫಿಯನ್ನು ಕಾಪಾಡಿಕೊಳ್ಳುತ್ತಾರೆ. ಕಾಫಿ ಕೈಕೊಟ್ಟರೂ ಕರಿಮೆಣಸಾದರೂ ಇರಲೆಂದು ಮರಮರಕ್ಕೂ ಮೆಣಸಿನ ಬಳ್ಳಿ ಹಬ್ಬಿಸುತ್ತಾರೆ.

ಈ ಉಪಾಯಗಳೆಲ್ಲಕ್ಕೂ ಹಿರಿಯದಾದ ಉಪಾಯವೊಂದು ತೋಟದಲ್ಲಿಯೇ ನಿಂತಿದೆ. ಅದು ಮರದ ನೆರಳು. ಬ್ರೆಜಿಲ್ಲಿನಲ್ಲಿ ಬಹುಮಟ್ಟಿಗೆ ಕಾಫಿಯನ್ನು ಬಯಲಿನಲ್ಲಿ ಬೆಳೆಯುತ್ತಾರೆ; ನಮ್ಮಲ್ಲಿ ಹೆಚ್ಚು ಕಡಿಮೆ ಎಲ್ಲ ಕಾಫಿಯೂ ನೆರಳಿನ ಕಾಫಿ. ಕೆಳಗೆ ಹಾಲುವಾಣ, ಮೇಲೆ ಅತ್ತಿ, ಬಸರಿ, ಹಲಸು, ಹೊನ್ನೆ, ಬೀಟೆ, ನಂದಿ ಎಂಬ ಕಾಡುಮರಗಳು. ಬಿಸಿಲಿನ ದಿನ ಆ ಮರಗಳ ಕೆಳಗೆ ಕಾಲಿಟ್ಟರೆ ಬಯಲಿಗಿಂತ ಕೆಲವು ಡಿಗ್ರಿ ತಂಪು. ಉದುರಿದ ಎಲೆ ನೆಲದ ತೇವವನ್ನು ಕಾಯುತ್ತದೆ. ಬೇರು ಗುಡ್ಡದ ಮಣ್ಣನ್ನು ಹಿಡಿಯುತ್ತದೆ. ಕೊಂಬೆ ಜೇನಿಗೆ ಮನೆಯಾಗುತ್ತದೆ. ಕಾಂಡಕೊರಕಕ್ಕೆ ಬಿಸಿಲು ದೊರೆಯುವುದಿಲ್ಲ. ಆದರೆ ನೆರಳಿಗೂ ಬೆಲೆ ಕೊಡಬೇಕು. ನೆರಳು ದಟ್ಟವಾದರೆ ರೊಬಸ್ಟಾದ ಇಳುವರಿ ಇಳಿಯುತ್ತದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅನುಕೂಲವಾಗುತ್ತದೆ. ಆದುದರಿಂದ ಮುಂಗಾರಿಗೆ ಮುಂಚೆ ಕೊಂಬೆಗಳನ್ನು ಸವರಿ ಬೆಳಕು ಬಿಡುವುದು ವಾಡಿಕೆ. ಮುಂಗಾರು ಯಾವಾಗ ಬರುವುದೆಂಬುದೇ ತಿಳಿಯದಾದಾಗ ಕೊಂಬೆ ಸವರುವುದು ಯಾವಾಗ? ಬೇಗ ಸವರಿದರೆ ಗಿಡ ಬಿಸಿಲಿಗೆ ಬೇಯುತ್ತದೆ, ತಡಮಾಡಿದರೆ ಕೊಳೆಯುತ್ತದೆ.

ಇಂಥ ಇಕ್ಕಟ್ಟಿನಲ್ಲಿ ಸಿಕ್ಕ ಎಷ್ಟೋ ಬೆಳೆಗಾರರು ಕಾಡುಮರಗಳ ಸ್ಥಾನದಲ್ಲಿ ಆಸ್ಟ್ರೇಲಿಯ ಮೂಲದ ಸಿಲ್ವರ್ ಓಕ್ ಮರವನ್ನು ತಂದು ನಿಲ್ಲಿಸಿದ್ದಾರೆ. ಅದು ನೆಟ್ಟಗೆ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಕಷ್ಟಕಾಲಕ್ಕೆ ಕಡಿದು ಮಾರಬಹುದು. ಬೀಟೆಯನ್ನೋ ಹೊನ್ನೆಯನ್ನೋ ಕಡಿಯಲು ಕಾನೂನಿನ ಕಟ್ಟುಪಾಡುಗಳು ಅನೇಕ. ಸಿಲ್ವರ್ ಓಕಿಗೆ ಅಷ್ಟಿಲ್ಲ. ಬೆಳೆಗಾರನ ದೃಷ್ಟಿಯಿಂದ ಇದು ಬುದ್ಧಿವಂತಿಕೆಯೇ ಸರಿ; ಅವನನ್ನು ದೂರುವಂತಿಲ್ಲ. ಆದರೆ ಅತ್ತಿ ಬಸರಿಗಳ ಹರವಾದ ಕೊಡೆಯ ಬದಲು ಕಂಬದಂಥ ಮರಗಳು ನಿಂತಾಗ ತೋಟದ ತಂಪು ಉಳಿಯುವುದು ಕಷ್ಟ. ಇಂದಿನ ನಷ್ಟವನ್ನು ತುಂಬಿಕೊಳ್ಳಲು ಮಾಡಿದ ಉಪಾಯವೇ ನಾಳೆಯ ಬಿಸಿಲನ್ನು ತೋಟದೊಳಕ್ಕೆ ಕರೆತರುತ್ತದೆ.

ಈ ವಿಚಾರದಲ್ಲಿ ಪಟ್ಟಣಿಗರಾದ ನಮಗೇನು ಸಂಬಂಧ ಎಂದು ಕೇಳುವವರಿಗೆ ಒಂದು ಮಾತು. ಕಾವೇರಿ ಹುಟ್ಟುವುದು ಕೊಡಗಿನಲ್ಲಿ. ಲಕ್ಷ್ಮಣತೀರ್ಥವೂ ಕೊಡಗಿನದು. ಹೇಮಾವತಿ ಹುಟ್ಟುವುದು ಮೂಡಿಗೆರೆಯ ಸೀಮೆಯಲ್ಲಿ; ಸಕಲೇಶಪುರದ ಕಾಫಿ ನಾಡನ್ನು ಹಾದು ಅದು ಕೆಳಗಿಳಿಯುತ್ತದೆ. ಮೂರೂ ಕೃಷ್ಣರಾಜಸಾಗರದಲ್ಲಿ ಒಂದಾಗುತ್ತವೆ. 1974ರಿಂದ ಬೆಂಗಳೂರು ಕುಡಿಯುತ್ತಿರುವುದು ಈ ಕಾವೇರಿಯ ನೀರನ್ನೇ. 2024ರ ಅಕ್ಟೋಬರಿನಲ್ಲಿ ಆರಂಭವಾದ ಐದನೆಯ ಹಂತದ ಯೋಜನೆಯೂ ಅದೇ ನದಿಯನ್ನು ನಂಬಿದೆ. ಅದೇ ವರ್ಷದ ಮಾರ್ಚಿಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಜನ ಬಿಂದಿಗೆ ಹಿಡಿದು ಟ್ಯಾಂಕರಿನ ಮುಂದೆ ಸಾಲುನಿಂತುದನ್ನು ದೇಶವೇ ನೋಡಿತು. ಆ ತಿಂಗಳೇ ಮಲೆನಾಡಿನ ಬೆಳೆಗಾರನೂ ಹೂಮಳೆಗಾಗಿ ಕಾದು, ಬತ್ತಿದ ಹೊಳೆಯಲ್ಲಿ ಪಂಪು ಇಳಿಸಲು ನೀರು ಹುಡುಕುತ್ತಿದ್ದನು. ಲೋಟದೊಳಗಿನ ಪುಡಿಯೂ ಆ ಬೆಟ್ಟದ್ದು, ಅದಕ್ಕೆ ಬೆರೆಸಿದ ನೀರೂ ಆ ಬೆಟ್ಟದ್ದು. ಬೆಟ್ಟದ ನೆಲ ಮಳೆಗಾಲದಲ್ಲಿ ನೀರನ್ನು ಹೀರಿ ಬೇಸಗೆಯಲ್ಲಿ ಮೆಲ್ಲಗೆ ಬಿಟ್ಟುಕೊಡುವಂತೆ ಮಾಡುವುದು ಆ ಮರಗಳು. ತೋಟದ ಅತ್ತಿಮರವನ್ನು ಉಳಿಸಿಕೊಂಡವನು ತನ್ನ ಇಳುವರಿಯಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟು ನಮ್ಮ ನಲ್ಲಿಯ ನೀರನ್ನೂ ಉಳಿಸುತ್ತಿದ್ದಾನೆ. ಆ ಸೇವೆಗೆ ನಾವು ಇಂದು ಕೊಡುತ್ತಿರುವ ಪ್ರತಿಫಲ ಸೊನ್ನೆ.

ಆಗಬೇಕಾದುದೇನು? ಹೊಸ ತಳಿಗಳ ಸಂಶೋಧನೆಗೆ ಹಣ ಬೇಕು. ಅದು ಸರ್ಕಾರದ ಕೆಲಸ. ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನಿನ ಕಾಡಿನಲ್ಲಿ 2018ರಲ್ಲಿ ಮತ್ತೆ ಪತ್ತೆಯಾದ ಸ್ಟೆನೊಫಿಲ್ಲ ಎಂಬ ಕಾಫಿ ಜಾತಿ ಅರಾಬಿಕಾದಂತೆಯೇ ರುಚಿಯಾಗಿದ್ದು, ಅದಕ್ಕಿಂತ ಸುಮಾರು ಆರು ಡಿಗ್ರಿ ಹೆಚ್ಚಿನ ಸರಾಸರಿ ಉಷ್ಣತೆಯಲ್ಲಿ ಬೆಳೆಯಬಲ್ಲುದೆಂದು 2021ರಲ್ಲಿ ವಿಜ್ಞಾನಿಗಳು ತಿಳಿಸಿದರು. ಆಸೆಗೆ ಇದೊಂದು ಎಳೆ; ಆದರೆ ಕಾಡಿನ ಗಿಡ ತೋಟದ ಬೆಳೆಯಾಗಲು ಬಹುಕಾಲ ಬೇಕು. ಅಲ್ಲಿಯವರೆಗೆ ಇರುವ ಮರಗಳನ್ನು ಉಳಿಸಬೇಕು. ನಾಡಿನ ಮರಗಳನ್ನು ಬೆಳೆಸಿದವನಿಗೆ ಕಾನೂನು ತೊಡಕಾಗದೆ ನೆರವಾಗಬೇಕು. ಸಣ್ಣ ಬೆಳೆಗಾರನಿಗೆ ಮಳೆನೀರಿನ ಹೊಂಡ ತೋಡಲು ಸಾಲ ಸೌಲಭ್ಯ ದೊರೆಯಬೇಕು. ಕೆಳಗಿನ ನಗರಗಳು ಕಟ್ಟುವ ನೀರಿನ ತೆರಿಗೆಯಲ್ಲಿ ಒಂದು ಕಿರುಪಾಲು ಮೇಲಿನ ಬೆಟ್ಟಗಳ ನೆರಳಿಗೆಂದು ಸಲ್ಲುವಂತಾದರೆ ಅದು ದಾನವಾಗದು, ಸಾಲದ ಮರುಪಾವತಿಯಾದೀತು.

ಮನೆಯ ಮಟ್ಟಿಗೂ ಮಾಡಬಹುದಾದುದುಂಟು. ಪುಡಿ ಕೊಳ್ಳುವಾಗ ಬೆಲೆಯೊಂದನ್ನೇ ಕೇಳದೆ, ಬೀಜ ಎಲ್ಲಿಯದು, ಎಂಥ ತೋಟದ್ದು ಎಂದು ಒಂದು ಮಾತು ವಿಚಾರಿಸಬಹುದು. ಗಿರಾಕಿ ಕೇಳಲಾರಂಭಿಸಿದ ಪ್ರಶ್ನೆಗೆ ವ್ಯಾಪಾರಿ ಉತ್ತರ ಹುಡುಕಿಕೊಳ್ಳುವುದು ಪೇಟೆಯ ಧರ್ಮ. ಕಾಡುಮರದ ನೆರಳಿನಲ್ಲಿ ಬೆಳೆದ ಕಾಫಿಗೆ ಕಿಲೋಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಡಬೇಕಾಗಿ ಬಂದರೆ, ತಿಂಗಳಿಗೆ ಒಂದು ಕಿಲೋ ಬಳಸುವ ಸಂಸಾರಕ್ಕೆ ಅದು ಅಷ್ಟೇನೂ ಭಾರವಲ್ಲ. ಮಕ್ಕಳನ್ನು ಬೇಸಗೆ ರಜೆಯಲ್ಲಿ ಮಡಿಕೇರಿಗೋ ಚಿಕ್ಕಮಗಳೂರಿಗೋ ಕರೆದುಕೊಂಡು ಹೋದಾಗ ಜಲಪಾತವನ್ನು ತೋರಿಸುವುದರ ಜೊತೆಗೆ ಒಂದು ತೋಟದ ಬಳಿ ನಿಂತು ಮೇಲಿನ ಮರಗಳ ಹೆಸರನ್ನೂ ಹೇಳಿಕೊಡಿ. ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಪತ್ರಿಕೆಯ ಮೂಲೆಯಲ್ಲಿ ಮಲೆನಾಡಿನ ಮಳೆಯ ಸುದ್ದಿ ಕಂಡರೆ ಅದನ್ನು ಬಿಟ್ಟು ಮುಂದಿನ ಪುಟಕ್ಕೆ ಹೋಗಬೇಡಿ. ಎಷ್ಟು ಅಂಗುಲ ಬಿದ್ದಿತು, ಯಾವ ಹೋಬಳಿಗೆ ಬಿದ್ದಿತು, ಬೆನ್ನಿಗೆ ಇನ್ನೊಂದು ಮಳೆ ಬಂದಿತೇ ಎಂದು ನೋಡಿ. ಮುಂದಿನ ವರ್ಷ ನಿಮ್ಮ ಮನೆಯ ಡಬ್ಬಿಗೆ ಬರುವ ಕಾಫಿಯ ಸುದ್ದಿ ಅದು.